ರಾತ್ರಿ ಕುಡಿದ ಸೋನಾಮುಖಿ ಬೆಳಿಗ್ಗೆ ಏಕೆ ಕೆಲಸ ಮಾಡುತ್ತದೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಅತ್ತೆಯವರು ಮಲಬದ್ಧತೆಯಾದಾಗ ರಾತ್ರಿ ಊಟದ ನಂತರ ಸೋನಾಮುಖಿ ಎಲೆಯ ಕಷಾಯ ಕುಡಿದು ಮಲಗುತ್ತಾರೆ. ಕುಡಿದ ಕೂಡಲೇ ಅದು ಏಕೆ ಕೆಲಸ ಮಾಡುವುದಿಲ್ಲ ಎಂದು ಮೊನ್ನೆ ಅವರೇ ಕೇಳಿದರು. ಔಷಧ ರಸಾಯನಶಾಸ್ತ್ರ ಓದಿದ ನನಗೆ ಆ ಪ್ರಶ್ನೆ ಎಷ್ಟು ಹಿಡಿಸಿತೆಂದರೆ, ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತಿದ್ದೇನೆ.

ಎಲೆಯಲ್ಲಿರುವ ಸೆನ್ನೊಸೈಡ್ ಎಂಬ ಸಂಯುಕ್ತಕ್ಕೆ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ. ಆ ಬಂಧವನ್ನು ನಮ್ಮ ಜಠರವಾಗಲಿ ಸಣ್ಣ ಕರುಳಾಗಲಿ ಬಿಡಿಸಲಾರದ್ದರಿಂದ, ಅದು ರಕ್ತಕ್ಕೆ ಹೆಚ್ಚೇನೂ ಸೇರದೆ, ಬಹುಮಟ್ಟಿಗೆ ಇದ್ದ ಹಾಗೆಯೇ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಬೇರ್ಪಡಿಸಿ, ಉಳಿದ ಭಾಗವನ್ನು ರೈನ್ ಆಂಥ್ರೋನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಕರುಳಿನ ಚಲನೆಯನ್ನು ಚುರುಕುಗೊಳಿಸಿ, ಮಲದಲ್ಲಿನ ನೀರು ಹೀರಿಹೋಗದಂತೆ ತಡೆಯುವುದು ಈ ಆಂಥ್ರೋನ್. ಇದಕ್ಕೆಲ್ಲ ಸಾಮಾನ್ಯವಾಗಿ 6ರಿಂದ 12 ಗಂಟೆ ಬೇಕು. ಕಳೆದ ಮಳೆಗಾಲದಲ್ಲಿ ಆಂಟಿಬಯಾಟಿಕ್ ನುಂಗುತ್ತಿದ್ದ ವಾರ ಅದೇ ಕಷಾಯ ತಮಗೆ ಕೆಲಸ ಮಾಡಲಿಲ್ಲವೆಂದು ಅತ್ತೆ ನೆನಪಿಸಿಕೊಂಡರು. ಎಲೆ ಹಳೆಯದೆಂದು ಅವರು ಆಗ ಭಾವಿಸಿದ್ದರು. ಎಲೆಯನ್ನು ಔಷಧವಾಗಿಸುವ ಬ್ಯಾಕ್ಟೀರಿಯಾಗಳೇ ಆ ವಾರ ಕುಗ್ಗಿದ್ದಿರಬಹುದು ಎಂಬುದು ನನ್ನ ಊಹೆ.

ಜ್ಯೇಷ್ಠಮಧುವಿನ ವಿಷಯದಲ್ಲಿ ಬ್ಯಾಕ್ಟೀರಿಯಾಗಳ ಈ ಕೆಲಸವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಮಾಟುಂಗಾದ ಗ್ರಂದಿಗೆ ಅಂಗಡಿಯಿಂದ ತಂದ ಬೇರನ್ನು ಕೆಮ್ಮಿಗೆಂದು ನಾವು ಮಕ್ಕಳ ಕೈಗೂ ಕೊಡುತ್ತೇವೆ. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಕರುಳಿನ ಬ್ಯಾಕ್ಟೀರಿಯಾಗಳಿಂದ ಗ್ಲಿಸಿರೆಟಿನಿಕ್ ಆಮ್ಲವಾಗಿ, ಆ ರೂಪದಲ್ಲಿಯೇ ಮುಖ್ಯವಾಗಿ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಈ ಆಮ್ಲ ತಡೆಯುವುದರಿಂದ ದೇಹದಲ್ಲಿ ಉಪ್ಪು ಮತ್ತು ನೀರು ಉಳಿದು, ಪೊಟ್ಯಾಸಿಯಂ ಹೊರಹೋಗಿ, ರಕ್ತದೊತ್ತಡ ಏರಬಹುದು. ಆದ್ದರಿಂದ ಬಿಪಿ ಇರುವ ಅತ್ತೆಯವರು ಅದನ್ನು ವಾರಗಟ್ಟಲೆ ಕುಡಿಯುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸಿದ್ದೇನೆ.

ಮರದರಿಶಿನದಲ್ಲಿರುವ ಬರ್ಬೆರಿನ್ ಎಂಬ ಸಂಯುಕ್ತ ಕೂಡ ಹೀಗೆಯೇ. ತಾನಾಗಿ ಅದು ಬಹಳ ಕಡಿಮೆ ಹೀರಲ್ಪಡುತ್ತದೆ; ಬ್ಯಾಕ್ಟೀರಿಯಾಗಳು ಅದನ್ನು ಡೈಹೈಡ್ರೊಬರ್ಬೆರಿನ್ ಆಗಿಸಿದಾಗ ಕರುಳಿನ ಗೋಡೆಯನ್ನು ಸುಲಭವಾಗಿ ಹೊಕ್ಕು, ಅಲ್ಲಿ ಮತ್ತೆ ಬರ್ಬೆರಿನ್ ಆಗುತ್ತದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ದಾಳಿಂಬೆಯಲ್ಲೂ ತ್ರಿಫಲಾದ ಅಳಲೆಕಾಯಿಯಲ್ಲೂ ಇರುವ ಎಲಾಜಿಟ್ಯಾನಿನ್ ಎಂಬ ಸಂಯುಕ್ತಗಳು. ಕರುಳಿನಲ್ಲಿ ಇವುಗಳಿಂದ ಯುರೊಲಿಥಿನ್ ಎಂಬ ವಸ್ತುಗಳು ಹುಟ್ಟುತ್ತವೆ, ಆದರೆ ಎಲ್ಲರಲ್ಲೂ ಅಲ್ಲ: ಕೆಲವರಲ್ಲಿ ಯುರೊಲಿಥಿನ್ ಎ ಮುಖ್ಯವಾಗಿರುತ್ತದೆ, ಕೆಲವರಲ್ಲಿ ಯುರೊಲಿಥಿನ್ ಬಿ ಸಹ ಇರುತ್ತದೆ, ಇನ್ನು ಕೆಲವರಲ್ಲಿ ಎರಡೂ ಇರುವುದಿಲ್ಲ. ಒಂದೇ ಡಬ್ಬಿಯ ತ್ರಿಫಲಾ ಚೂರ್ಣವನ್ನು ತಿನ್ನುವ ನಮ್ಮ ಮನೆಯ ನಾಲ್ವರ ದೇಹಕ್ಕೆ ಸೇರುವುದು ಒಂದೇ ಆಗಿರಬೇಕೆಂದಿಲ್ಲ. ಡಬ್ಬಿಯ ಮೇಲೆ ಗ್ರಾಂ ಲೆಕ್ಕವನ್ನಷ್ಟೇ ಓದಿ ಪರಿಣಾಮವನ್ನು ಊಹಿಸುವುದು ಆದ್ದರಿಂದಲೇ ನನಗೆ ಸರಿಕಾಣುವುದಿಲ್ಲ.

ಹಾಗಾದರೆ ಮೊಸರು ತಿಂದರೆ ಆ ಬ್ಯಾಕ್ಟೀರಿಯಾಗಳು ಬರುತ್ತವೆಯೇ ಎಂದು ಅತ್ತೆ ಕೇಳಿದರು. ಬರುವುದಿಲ್ಲ ಎಂದೆ. ಮೊಸರಿನಲ್ಲಿರುವುದು ಹಾಲನ್ನು ಹುಳಿಯಾಗಿಸುವ ಬೇರೆಯೇ ಜಾತಿಯವು. ಯುರೊಲಿಥಿನ್ ತಯಾರಿಕೆಯಲ್ಲಿ ಪಾಲ್ಗೊಳ್ಳುವ ಗಾರ್ಡೋನಿಬ್ಯಾಕ್ಟರ್‌ನಂಥವು ಆಮ್ಲಜನಕವಿರುವಲ್ಲಿ ಬೆಳೆಯುವುದಿಲ್ಲ.