ಇಡೀ ವಿಕಿಪೀಡಿಯ ಮನೇಲಿಟ್ಕೊಳ್ಳೋದು

ಚಿತ್ರಗಳ ಸಮೇತ ಪೂರ್ತಿ ಇಂಗ್ಲಿಷ್ ವಿಕಿಪೀಡಿಯ 100 ಚಿಲ್ಲರೆ ಜಿಬಿ ಅಷ್ಟೇ ಅಂದ್ರೆ ತುಂಬಾ ಜನ ನಂಬಲ್ಲ. ಕೆಲವರ ಫೋನಲ್ಲಿ ಬಿದ್ದಿರೋ ವಿಡಿಯೋಗಳೇ ಅದಕ್ಕಿಂತ ಜಾಸ್ತಿ ಇರ್ತವೆ. ಎಡಿಟ್ ಹಿಸ್ಟರಿ, ಚರ್ಚಾಪುಟ ಎಲ್ಲಾ ಬಿಟ್ಟು, ಚಿತ್ರಗಳನ್ನ ಚಿಕ್ಕದು ಮಾಡಿ, ಬರಹನ ಗಟ್ಟಿಯಾಗಿ ಕಂಪ್ರೆಸ್ ಮಾಡಿದ್ರೆ ಅಷ್ಟಕ್ಕೆ ಬರುತ್ತೆ, ಚಿತ್ರನೇ ಬೇಡ ಅಂದ್ರೆ ಅದರಲ್ಲೂ ಹೆಚ್ಚುಕಮ್ಮಿ ಅರ್ಧ. ನೆಟ್ ಇಲ್ದೇ ಓದೋ ಹಾಗೆ ಇದನ್ನ ಮಾಡ್ಕೊಡ್ತಿರೋದು ಕಿವಿಕ್ಸ್ ಅನ್ನೋ ಪ್ರಾಜೆಕ್ಟ್, 2007ರಲ್ಲಿ ಶುರುವಾಗಿದ್ದು. ಹೀಗೆ ಒಂದೇ ಫೈಲಾಗಿ ಕಟ್ಟಿಕೊಡೋದಕ್ಕೆ ಅವರು ಝಿಮ್ ಅಂತಾರೆ, ಅದರೊಳಗೆ ಲೇಖನಗಳನ್ನ ಸಣ್ಣ ಸಣ್ಣ ಗುಂಪು ಮಾಡಿ ಬೇರೆಬೇರೆಯಾಗಿ ಕಂಪ್ರೆಸ್ ಮಾಡಿರ್ತಾರೆ, ಹಾಗಾಗಿ ಒಂದು ಲೇಖನ ಓದೋಕೆ ಇಡೀ ಫೈಲ್ ಬಿಚ್ಚೋದು ಬೇಕಿಲ್ಲ, ಆ ಗುಂಪನ್ನ ಮಾತ್ರ ಬಿಚ್ಚುತ್ತೆ, ಹಳೇ ಲ್ಯಾಪ್‌ಟಾಪಲ್ಲೂ ಸರಾಗ.

ಯಾಕಪ್ಪಾ ಇದೆಲ್ಲ ಅಂತ ಕೇಳ್ತಾರೆ. ಪ್ರಳಯ ಗಿಳಯ ಏನಿಲ್ಲ. ಇಂಟರ್ನೆಟ್ಟಲ್ಲಿ ಇರೋದು ಯಾವಾಗ್ಲೂ ಇರುತ್ತೆ ಅನ್ನೋದು ನಮ್ಮ ಭ್ರಮೆ ಅಷ್ಟೆ. ಯಾರು ಬೇಕಾದ್ರೂ ಸ್ವಂತ ವೆಬ್‌ಪುಟ ಮಾಡ್ಕೋಬಹುದಾಗಿದ್ದ ಜಿಯೋಸಿಟೀಸ್ ಅನ್ನೋ ಸೈಟ್ 2009ರಲ್ಲಿ ಮುಚ್ಚಿದಾಗ ಜನ ಕೈಯಾರೆ ಕಟ್ಟಿದ್ದ ಪುಟಗಳು ರಾಶಿರಾಶಿ ಹೋದ್ವು, ಉಳಿದಿದ್ದು ಯಾರೋ ಪುಣ್ಯಾತ್ಮರು ಕಾಪಿ ಮಾಡಿಟ್ಟಿದ್ದಷ್ಟೇ. ಸರಿ, ವೆಬ್‌ಪುಟಗಳ ಕಾಪಿ ಇಡೋಕೆ ಇಂಟರ್ನೆಟ್ ಆರ್ಕೈವ್ ಅನ್ನೋ ಸೈಟ್ ಇದೆಯಲ್ಲ ಅಂದ್ರೆ, 2024ರ ಅಕ್ಟೋಬರ್‌ನಲ್ಲಿ ಅದರ ಮೇಲೇ ಸೈಬರ್ ದಾಳಿ ಆಗಿ ದಿನಗಟ್ಟಲೆ ಸೈಟೇ ತೆಗೀತಿರಲಿಲ್ಲ.

ಇನ್ನು ಏನೇನು ಇಟ್ಕೋಬೇಕು ಅನ್ನೋದು. ಇಲ್ಲಿ ಆಸೆ ಜಾಸ್ತಿ ಆಗುತ್ತೆ, ಸಿಕ್ಕಿದ್ದೆಲ್ಲ ಡೌನ್‌ಲೋಡ್‌ಗೆ ಹಾಕಿ ಡ್ರೈವ್ ತುಂಬಿಸ್ಕೊಂಡು ಕೂತವರನ್ನ ನೋಡಿದೀನಿ, ಒಂದು ಫೈಲೂ ತೆಗೆದು ನೋಡಿರಲ್ಲ. ನನ್ನ ಲೆಕ್ಕ ಬೇರೆ: ನೆಟ್ ಇದ್ದಾಗ್ಲೂ ನಾನು ಅದನ್ನೇ ಮೊದಲು ತೆಗೀತೀನಾ? ಹೌದು ಅಂದ್ರೆ ಇರ್ಲಿ. ವಿಕಿಪೀಡಿಯ, ಅದರದೇ ಬಳಗದ ನಿಘಂಟು ವಿಕ್ಷನರಿ, ವಿಕಿಯ ವೈದ್ಯಕೀಯ ಲೇಖನಗಳನ್ನಷ್ಟೇ ಆರಿಸಿರೋ ಸಣ್ಣ ಫೈಲು, ಸಾಮಾನು ಬಿಚ್ಚಿ ರಿಪೇರಿ ಮಾಡೋದನ್ನ ಫೋಟೋ ಸಮೇತ ತೋರಿಸೋ ಐಫಿಕ್ಸಿಟ್ ಗೈಡುಗಳು. 1971ರಿಂದ ನಡೀತಿರೋ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ 70,000ಕ್ಕೂ ಮೇಲೆ ಪುಸ್ತಕ ಇವೆ, ಅವೂ ಸಿಗ್ತವೆ. ಮ್ಯಾಪಿಗೆ ಜನರೇ ಸೇರಿ ಮಾಡಿರೋ ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ, ಬೇಕಾದ ಪ್ರದೇಶ ಮಾತ್ರ ಇಳಿಸ್ಕೊಂಡ್ರೆ ದಾರಿ ಹುಡುಕೋದೂ ನೆಟ್ ಇಲ್ದೇ ಆಗುತ್ತೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಇಂಗ್ಲಿಷಿನ ಮುಂದೆ ತೀರಾ ಚಿಕ್ಕದು, ಸಾಧಾರಣ ಪೆನ್‌ಡ್ರೈವಲ್ಲೇ ಹಿಡಿಯುತ್ತೆ, ಅದನ್ನ ಬಿಡೋಕೆ ಕಾರಣನೇ ಇಲ್ಲ. ವಿಡಿಯೋ ಮಾತ್ರ ನಾನು ಮುಟ್ಟಲ್ಲ, ಒಂದು ಕೋರ್ಸಿನ ಜಾಗದಲ್ಲಿ ಒಂದು ಲೈಬ್ರರಿನೇ ಕೂರುತ್ತೆ.

ಡ್ರೈವ್ ಬಗ್ಗೆ ಒಂದು ಮಾತು. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳು ಎಷ್ಟೋ ಸಲ ಫ್ಯಾಟ್32 ಫಾರ್ಮ್ಯಾಟಲ್ಲಿ ಬರ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರಲ್ಲ, ಜಾಗ ಖಾಲಿ ಬಿದ್ದಿದ್ರೂ ಫೈಲ್ ದೊಡ್ಡದಾಯ್ತು ಅಂತ ಹೇಳಿ ಕೈ ಎತ್ತಿಬಿಡುತ್ತೆ. ಈ 4 ಜಿಬಿ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಮುಗೀತು. ಇಳಿಸ್ಕೊಂಡ ಮೇಲೆ ಚೆಕ್‌ಸಮ್, ಅಂದ್ರೆ ಫೈಲ್ ಕೆಡದೆ ಬಂದಿದೆಯಾ ಅಂತ ತೋರಿಸೋ ಗುರುತು, ನೋಡೋದು ತಪ್ಪಿಸ್ಬೇಡಿ. ಫೈಲ್ ಮೇಲೆ ಎಸ್‌ಎಚ್‌ಎ-256 ಅನ್ನೋ ಲೆಕ್ಕ ಓಡಿಸಿದ್ರೆ 64 ಅಕ್ಷರದ ಒಂದು ಸಾಲು ಬರುತ್ತೆ, ಅದು ಸೈಟಲ್ಲಿ ಕೊಟ್ಟಿರೋದಕ್ಕೆ ತಾಳೆ ಆಗ್ಬೇಕು, ನಡುವೆ ಎಲ್ಲೋ ಒಂದು ಬಿಟ್ ಕೆಟ್ಟಿದ್ರೂ ಇಡೀ ಸಾಲೇ ಬೇರೆ ಆಗಿರುತ್ತೆ. ಆ ಸಾಲನ್ನ ಫೈಲ್ ಪಕ್ಕದಲ್ಲೇ ಸೇವ್ ಮಾಡಿಡಿ, ಆಮೇಲೆ ಆಗಾಗ ಮತ್ತೆ ಓಡಿಸಿ ನೋಡ್ಬೋದು. ಎಸ್‌ಎಸ್‌ಡಿ, ಅಂದ್ರೆ ಚಿಪ್ಪಲ್ಲಿ ಡೇಟಾ ಇಡೋ ಡ್ರೈವ್ ಆದ್ರೆ ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಲ್ಲಿಟ್ರೆ ಅದರಲ್ಲಿರೋ ಚಾರ್ಜ್ ನಿಧಾನಕ್ಕೆ ಸೋರಿ ಡೇಟಾ ಹೋಗೋ ಸಾಧ್ಯತೆ ಇದೆ, ಅದಕ್ಕೇ ಒಂದು ಕಾಪಿ ಹಾರ್ಡ್ ಡಿಸ್ಕಲ್ಲಿ, ಇನ್ನೊಂದು ಕಾಪಿ ಬೇರೆ ಯಾರ ಮನೇಲಾದ್ರೂ.

ಇನ್ನೊಂದು, ಎಲ್ಲರೂ ಮರೆಯೋದು: ಫೈಲ್ ಇದೆ, ತೆಗೆಯೋ ಆ್ಯಪ್ ಇಲ್ಲ! ನೆಟ್ ಇಲ್ದಾಗ ಆ್ಯಪ್ ಎಲ್ಲಿಂದ ತರ್ತೀರಿ? ಕಿವಿಕ್ಸ್‌ನ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಇನ್‌ಸ್ಟಾಲರ್ ಮೂರನ್ನೂ ಅದೇ ಡ್ರೈವಲ್ಲಿ ಹಾಕಿ, ಜೊತೆಗೆ ಹೇಗೆ ತೆಗೀಬೇಕು ಅಂತ ಬರೀ ಟೆಕ್ಸ್ಟ್ ಫೈಲ್ ಒಂದು, ಮನೆಯವರಿಗೆ ಅರ್ಥ ಆಗೋ ಹಾಗೆ.

ನಮ್ಮನೇಲಿ ಇದೆಲ್ಲ ಒಂದು ಹಳೇ ಲ್ಯಾಪ್‌ಟಾಪಲ್ಲಿ ಕಿವಿಕ್ಸ್-ಸರ್ವ್ ಅನ್ನೋ ಅವರದೇ ಸರ್ವರ್ ಪ್ರೋಗ್ರಾಮ್ ಮೂಲಕ ಓಡುತ್ತೆ. ರೌಟರ್ ಆನ್ ಇದ್ರೆ ಸಾಕು, ಹೊರಗಿನ ಲೈನ್ ಕಟ್ಟಾಗಿದ್ರೂ ಯಾರ ಫೋನಿನ ಬ್ರೌಸರಲ್ಲಾದ್ರೂ ತೆಗೆದು ಹುಡುಕ್ಬೋದು. ದಿನಾ ಯಾರಾದ್ರೂ ಬಳಸ್ತಿದ್ರೆ ಕೆಟ್ಟಿದ್ದು ತಕ್ಷಣ ಗೊತ್ತಾಗುತ್ತೆ, ಬೇಗ ಬೇಗ ಬೈಗುಳನೂ ಬರುತ್ತೆ. ಎಐ ಮಾಡೆಲ್ ಒಂದು ಸಾಕಲ್ವಾ, ಅದೂ ಆಫ್‌ಲೈನ್ ಓಡುತ್ತಲ್ಲ ಅಂತ ಈಗ ಕೇಳೋರಿದಾರೆ. ಇಟ್ಕೊಳ್ಳಿ, ನಾನೂ ಇಟ್ಟಿದೀನಿ, ಆದ್ರೆ ಅದು ಗೊತ್ತಿಲ್ಲದ್ದನ್ನೂ ಗೊತ್ತಿರೋ ಗತ್ತಲ್ಲೇ ಹೇಳುತ್ತೆ, ಸರಿನಾ ತಪ್ಪಾ ನೋಡೋಕೆ ಮತ್ತೆ ಮೂಲ ಲೇಖನಕ್ಕೇ ಬರ್ಬೇಕು.

ಹೊಸ ಝಿಮ್ ಬಂದಾಗ ಹಳೇದನ್ನ ತಕ್ಷಣ ಅಳಿಸೋದಿಲ್ಲ ನಾನು. ಲೇಖನಗಳು ತಿದ್ದುಪಡಿ ಆಗ್ತಾನೇ ಇರ್ತವೆ, ಕೆಲವೊಮ್ಮೆ ಹಳೇದೇ ಚೆನ್ನಾಗಿರುತ್ತೆ. ಈ ಸಲ ಜಾಗ ಸಾಲ್ತಿಲ್ಲ, ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸ್ಟಾಕ್ ಓವರ್‌ಫ್ಲೋ ಸೈಟಿನ ಫೈಲ್ ತೆಗೆದುಹಾಕೋದಾ ಇನ್ನೊಂದು ಡ್ರೈವ್ ತರೋದಾ ಅಂತ ಯೋಚನೆ ನಡೀತಿದೆ, ಡ್ರೈವೇ ತರ್ತೀನಿ ಅನ್ಸುತ್ತೆ.