ಕದ್ದ ಕೆಂಪು ತುಂಡು

ಕಳೆದ ತಿಂಗಳು ನಮ್ಮ ಸೆಲ್ ಬಯಾಲಜಿ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಹಳೇ ಗೆಳೆಯನೊಬ್ಬ ಫೋನ್ ಮಾಡಿದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು ಕೇಳಿದ್ದು, "ಆ ಕೆಂಪು ತುಂಡು ನೆನಪಿದೆಯೇನೋ?"

ನೆನಪಿಲ್ಲದೆ ಏನು! ಎಂ.ಎಸ್ಸಿ. ಸಿಲಬಸ್‌ನಲ್ಲಿ ಏನೇನಿತ್ತು ಅಂತ ಕೇಳಿದರೆ ನಾಲ್ಕು ಸಾಲು ಹೇಳಲಾರೆ. ಆ ಮಾಡೆಲ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ಅನ್ನುವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ನ ಮಾಡೆಲ್ ಅದು. ಅಂದರೆ, ಗ್ಲುಕೋಕಾರ್ಟಿಕಾಯ್ಡ್ ಹಾರ್ಮೋನ್ ಬಂದಾಗ ಡಿಎನ್‌ಎ ಹಿಡಿದು ಜೀನ್ ಎಬ್ಬಿಸುವ, ಆನ್ ಮಾಡುವ ಪ್ರೋಟೀನ್. ಮೇಷ್ಟ್ರು ತಾವೇ ಕೆತ್ತಿ ಬಣ್ಣ ಬಳಿದದ್ದು. ಮೂರು ಡೊಮೈನ್, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಭಾಗ, ನಡುನಡುವೆ ಕೊಕ್ಕೆ. ಜೀನ್ ಎಬ್ಬಿಸುವ ಮೊದಲ ಭಾಗ ಮರವೇ ಅಲ್ಲ, ಒಂದು ಮೊಳ ಹಳದಿ ಹಗ್ಗ. ಮರ ಸಾಲಲಿಲ್ಲವೇನೋ ಅಂತ ನಾವು ನಕ್ಕಿದ್ದೆವು. ನಡುವೆ ಡಿಎನ್‌ಎ ಹಿಡಿಯುವ ನೀಲಿ ತುಂಡು. ಅದರಲ್ಲಿ ಎರಡು ಝಿಂಕ್ ಫಿಂಗರ್, ಅಂದರೆ ಝಿಂಕ್ ಸುತ್ತ ಮಡಿಚಿಕೊಂಡ ಬೆರಳಿನಂಥ ಭಾಗ. ಒಂದೊಂದು ಝಿಂಕನ್ನೂ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ನಾಲ್ಕು ಸೇರಿ ಹಿಡಿದಿರುತ್ತವೆ ಅಂತ ನಾಲ್ಕು ನಾಲ್ಕು ಗುಂಡುಸೂಜಿ ಚುಚ್ಚಿದ್ದರು. ಕೊನೆಗೆ ಹಾರ್ಮೋನ್ ಬಂದು ಕೂರುವ ಕೆಂಪು ತುಂಡು.

ಒಂದು ಬೆಳಗ್ಗೆ ವೈವಾ ಇತ್ತು. ಓದಿರಲಿಲ್ಲ. ಮಾಡೆಲ್ ಕೆಟ್ಟರೆ ವೈವಾ ಮುಂದೆ ಹೋಗುತ್ತೆ ಅನ್ನೋದು ನಮ್ಮ ಲೆಕ್ಕ. ಕೆಂಪು ತುಂಡು ಬಿಚ್ಚಿ ಬ್ಯಾಗಿಗೆ ಇಳಿಸಿದೆವು.

ಮೇಷ್ಟ್ರು ಬಂದರು. ನೋಡಿದರು. ಬೈಯಲಿಲ್ಲ. ಉಳಿದದ್ದನ್ನು ಹಗ್ಗ ಹಿಡಿದು ಎತ್ತಿ ತೋರಿಸಿದರು.

"ಇವನ ಬಾಲ ಹೋಗಿದೆ. ಹಾರ್ಮೋನ್ ಇಲ್ಲ ಅಂತಿಟ್ಕೊಳ್ಳಿ. ಇವನು ಕೆಲಸ ಮಾಡ್ತಾನಾ?"

"ಇಲ್ಲ ಸಾರ್" ಅಂದೆವು ಒಟ್ಟಿಗೆ.

"ಮಾಡ್ತಾನೆ. ನಿಲ್ಲಿಸೋರೇ ಇಲ್ಲ ಈಗ."

ಹಾರ್ಮೋನ್ ಇಲ್ಲದಾಗ ಎಚ್‌ಎಸ್‌ಪಿ 90 ಅನ್ನುವ ಕಾವಲು ಪ್ರೋಟೀನ್ ಮತ್ತು ಅದರ ಸಂಗಡಿಗ ಪ್ರೋಟೀನ್‌ಗಳು ಕೆಂಪು ತುಂಡನ್ನು ಹಿಡಿದುಕೊಂಡು ಇಡೀ ರಿಸೆಪ್ಟರನ್ನು ಸೈಟೋಪ್ಲಾಸಂನಲ್ಲೇ ಕೂರಿಸಿರುತ್ತವೆ. ಹಾರ್ಮೋನ್ ಬಂದು ಕೂತಾಗ ಆ ತುಂಡಿನ ಆಕಾರ ಬದಲಾಗುತ್ತದೆ. ಆಮೇಲೇ ನ್ಯೂಕ್ಲಿಯಸ್ ಕಡೆ ಓಟ. ನಾವು ಅದನ್ನು ಬರೀ ಕೀಲಿ ಹಾಕುವ ತೂತು ಅಂದುಕೊಂಡಿದ್ದೆವು. ಬೀಗವೂ ಅದೇ. 1987ರಲ್ಲಿ ಈ ತುದಿ ಕತ್ತರಿಸಿದ ರಿಸೆಪ್ಟರನ್ನು ಜೀವಕೋಶಗಳಿಗೆ ಹಾಕಿ ನೋಡಿದ್ದರು. ಹಾರ್ಮೋನ್ ಇಲ್ಲದೆಯೇ ಜೀನ್ ಆನ್ ಆಗಿತ್ತು. ಅದೇ ವರ್ಷ ಗ್ರೀನ್ ಮತ್ತು ಷಾಂಬೋ ಅನ್ನುವ ವಿಜ್ಞಾನಿಗಳು ಈಸ್ಟ್ರೋಜನ್ ರಿಸೆಪ್ಟರ್‌ನ ನಡುವಿನ ತುಂಡು ತೆಗೆದು, ಅಲ್ಲಿಗೆ ಇದರ ನೀಲಿ ತುಂಡನ್ನು ಸಿಕ್ಕಿಸಿದರು. ಅಪ್ಪಣೆ ಈಸ್ಟ್ರೋಜನ್‌ದು, ಎದ್ದದ್ದು ಗ್ಲುಕೋಕಾರ್ಟಿಕಾಯ್ಡ್ ಮಾತು ಕೇಳುವ ಜೀನ್!

"ಕದ್ದರೂ ಸರಿಯಾದ್ದನ್ನೇ ಕದ್ದಿದ್ದೀರಿ" ಅಂದರು ಮೇಷ್ಟ್ರು. "ನೀಲಿ ಕದ್ದಿದ್ದರೆ ಡಿಎನ್‌ಎ ಹಿಡಿಯೋಕೇ ಆಗ್ತಿರಲಿಲ್ಲ, ಕಥೆ ಅಲ್ಲಿಗೇ ಮುಗೀತಿತ್ತು." ಆಮೇಲೆ ವೈವಾನೂ ತಗೊಂಡರು. ನನಗೆ 20ಕ್ಕೆ 18 ಬಂತು. ಕ್ಲಾಸಿಗೇ ಜಾಸ್ತಿ, ಹೇಳಿಕೊಳ್ಳಬಾರದು.

ಈಗ ನಾನೂ ಪಾಠ ಮಾಡುತ್ತೇನೆ. ಮಕ್ಕಳು ಪ್ರೋಟೀನ್ ಆಕಾರ ಊಹಿಸುವ ಆಲ್ಫಾಫೋಲ್ಡ್ ಅನ್ನುವ ಎಐ ಪ್ರೋಗ್ರಾಂ ತೆರೆದು ಎರಡು ನಿಮಿಷದಲ್ಲಿ ಪ್ರೋಟೀನನ್ನು ಗಿರಗಿರ ತಿರುಗಿಸಿ ತೋರಿಸುತ್ತಾರೆ. ಚೆಂದವೇ. ಆದರೆ ಮೊದಲ ಭಾಗ ಅಲ್ಲಿ ಬಿಚ್ಚಿದ ದಾರದ ಹಾಗೆ ಕಾಣುತ್ತದಲ್ಲ, ಅದನ್ನು ಕಂಡರೆ "ಇಲ್ಲೇನೂ ಇಲ್ಲ ಸಾರ್" ಅಂತ ಮುಂದೆ ಹೋಗುತ್ತಾರೆ. ಏನೂ ಇಲ್ಲವಾ? ಜೀನ್ ಎಬ್ಬಿಸುವ ಕೆಲಸದ ದೊಡ್ಡ ಪಾಲು ಅದರದ್ದೇ ಅಲ್ವಾ! ಒಂಟಿಯಾಗಿದ್ದಾಗ ಅದಕ್ಕೆ ಗಟ್ಟಿ ಆಕಾರವಿಲ್ಲ. ಜೊತೆಗಾರ ಪ್ರೋಟೀನ್ ಸಿಕ್ಕಾಗ ಮಡಿಚಿಕೊಳ್ಳುತ್ತದೆ. ಮೇಷ್ಟ್ರು ಅಲ್ಲಿ ಹಗ್ಗ ಕಟ್ಟಿದ್ದು ಯಾಕೆ ಅಂತ ನನಗೆ ಹೊಳೆದದ್ದು ತೀರಾ ತಡವಾಗಿ.

ಮೊನ್ನೆ ಶ್ರದ್ಧಾಂಜಲಿ ಸಭೆಯಲ್ಲಿ ನಾವು ಮೂವರೂ ಸೇರಿದ್ದೆವು. ತುಂಡು ಬಿಚ್ಚಿದ್ದು ತಾನೇ ಅಂತ ಒಬ್ಬ ಮೈಕ್ ಹಿಡಿದು ಹೇಳಿಬಿಟ್ಟ. ಹಿಂದೆಯೇ ಇನ್ನೊಬ್ಬನೂ ಎದ್ದು ಅದನ್ನೇ ಹೇಳಿದ. ಸಭೆಯಲ್ಲಿ ಜಗಳ ಬೇಡ ಅಂತ ಸುಮ್ನಿದ್ದೆ. ಬಿಚ್ಚಿದ್ದು ನಾನು. ಅವರಿಬ್ಬರೂ ಬಾಗಿಲು ಕಾಯುತ್ತಿದ್ದರು.