ಪರಿಚಯ ಮಾಡಿಸಿದವನ ಪಾಲು

"ಪರಿಚಯ ಮಾಡಿಸಿದವನಿಗೆ ಕೊಡೋದು ಕೊಡ್ಬೇಕಲ್ವಾ?"

ಭಾನುವಾರ ಊಟಕ್ಕೆ ಬಂದ ಭಾವ ಅಂದ ಮಾತು. ವಾರ ಕಳೆಯುತ್ತಾ ಬಂದರೂ ತಲೆಯಿಂದ ಹೋಗುತ್ತಿಲ್ಲ.

ನಾನು ‘ಸ್ಕೈ ಮಾಸ್ಟರ್ಸ್’ ಓದುತ್ತಿದ್ದೆ. ಅಮೆರಿಕದ ಪತ್ರಿಕೆಗಳಲ್ಲಿ 1958ರ ಸೆಪ್ಟೆಂಬರ್‌ನಿಂದ ಬಂದ ಕಾಮಿಕ್ ಸ್ಟ್ರಿಪ್. ರಷ್ಯಾದ ಸ್ಪುಟ್ನಿಕ್ ಹಾರಿ ಇನ್ನೂ ವರ್ಷ ತುಂಬಿರಲಿಲ್ಲ. ಎಲ್ಲರಿಗೂ ರಾಕೆಟ್ ಹುಚ್ಚು. ಪೆನ್ಸಿಲ್ ಚಿತ್ರ ಕಲಾವಿದ ಜ್ಯಾಕ್ ಕರ್ಬಿಯದು, ಮೊದಮೊದಲು ಅದರ ಮೇಲಿನ ಇಂಕ್ ಗೆರೆ ವಾಲಿ ವುಡ್‌ನದು. ಕಪ್ಪು ಆಕಾಶ, ಹೊಳೆಯುವ ಹೆಲ್ಮೆಟ್ಟು, ಲೋಹದ ಮೇಲೆ ಬಿದ್ದ ಬೆಳಕು. ಮೂರೇ ಚೌಕದಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿದರೋ!

ಅದೇನು ಅಂತ ಭಾವ ಕೇಳಿದರು. ಹೇಳಿದೆ. ಪತ್ರಿಕೆಗಳಿಗೆ ಸ್ಟ್ರಿಪ್ ಒದಗಿಸುವ ಸಂಸ್ಥೆಯೊಂದಕ್ಕೆ ಅಂತರಿಕ್ಷದ ಕಥೆ ಬೇಕಿತ್ತು. ಕಾಮಿಕ್ ಪುಸ್ತಕಗಳ ಕಂಪನಿ ಡಿಸಿ ಕಾಮಿಕ್ಸ್‌ನ ಸಂಪಾದಕ ಜ್ಯಾಕ್ ಶಿಫ್ ನಡುವೆ ನಿಂತು ಆ ಸಂಸ್ಥೆಯನ್ನೂ ಕರ್ಬಿಯನ್ನೂ ಸೇರಿಸಿದ. ಅದಕ್ಕೆ ಅವನಿಗೆ ಆದಾಯದಲ್ಲಿ 4 ಪರ್ಸೆಂಟ್. ಡಿಸಿಯಲ್ಲಿ ಕರ್ಬಿಗೆ ಕೆಲಸ ಕೊಡುತ್ತಿದ್ದವನೂ ಈ ಶಿಫ್ಫೇ. ಆ ಕೆಲಸ ಹೋದೀತು ಅಂತ ಹೆದರಿ ಒಪ್ಪಿಕೊಂಡೆ ಅನ್ನುವುದು ಕರ್ಬಿಯ ವಾದ. ಜಗಳ ಕೋರ್ಟಿಗೆ ಹೋಯಿತು. 1959ರ ಕೊನೆಗೆ ಶಿಫ್ ಗೆದ್ದ.

"ಅಯ್ಯೋ ಪಾಪ" ಅನ್ನುತ್ತಾರೆ ಅಂದುಕೊಂಡರೆ, ಭಾವ ಅನ್ನ ಕಲಸುತ್ತಾ ಆ ಮಾತು ಅಂದರು. ಅವರು ಸೈಟು ಬ್ರೋಕರ್. ಎರಡೂ ಕಡೆಯಿಂದ ಕಮಿಷನ್ ತಗೊಳ್ಳುವವರು. ಕಷ್ಟಕ್ಕೆ ಮೊದಲು ಓಡಿ ಬರುವವರೂ ಅವರೇ, ಅದು ಬೇರೆ.

ನ್ಯಾಯವಾಗಿ ನೋಡಿದರೆ ಅವರ ಮಾತು ತಪ್ಪಲ್ಲ. ಕರ್ಬಿ ಸಹಿ ಹಾಕಿದ್ದ. ಆದರೆ ಸೈಟು ಬ್ರೋಕರ್ ಒಂದು ಸಲ ದುಡ್ಡು ತಗೊಂಡು ಎದ್ದು ಹೋಗುತ್ತಾನೆ. ಇಲ್ಲಿ ಒಬ್ಬ ದಿನಾ ಬೆನ್ನು ಬಗ್ಗಿಸಿ ಗೆರೆ ಎಳೆಯಬೇಕು, ಇನ್ನೊಬ್ಬನ ಪಾಲು ಸುಮ್ನೆ ನಡೆದು ಬರುತ್ತಿರಬೇಕು. ಮೇಲಾಗಿ ಅನ್ನ ಕೊಡುವವನೇ ಬಂದು ಪಾಲು ಕೇಳಿದರೆ ಯಾರು ತಾನೇ ಇಲ್ಲ ಅಂದಾರು? ಊಟದ ಹೊತ್ತಿಗೆ ಇದು ಹೊಳೆಯಲಿಲ್ಲ. ರಾತ್ರಿ ಹೊಳೆಯಿತು.

ಈ ಜಗಳದಿಂದ ಡಿಸಿಯ ಬಾಗಿಲು ಮುಚ್ಚಿದ್ದಕ್ಕೇ ಕರ್ಬಿ ಇನ್ನೊಂದು ಕಾಮಿಕ್ ಕಂಪನಿ ಮಾರ್ವೆಲ್‌ಗೆ ಹೋದ, 1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಅನ್ನುವ ಸೂಪರ್ ಹೀರೋ ಕಾಮಿಕ್ ಹುಟ್ಟಿತು, ಆಗಿದ್ದೆಲ್ಲ ಒಳ್ಳೆಯದಕ್ಕೇ ಅನ್ನುವವರು ಜಾಸ್ತಿ. ನನಗೆ ಆ ಲೆಕ್ಕ ಒಗ್ಗುವುದಿಲ್ಲ. ಆ ಕಾಲದ ಕಾಮಿಕ್ ಕಲಾವಿದರಿಗೆ ಪತ್ರಿಕೆಯ ಸ್ಟ್ರಿಪ್ ಅಂದರೆ ಮರ್ಯಾದೆ, ಒಳ್ಳೆಯ ಸಂಪಾದನೆ. ಕರ್ಬಿಗೆ ಸಿಕ್ಕ ಆ ಜಾಗ 1961ರ ಫೆಬ್ರುವರಿಯಲ್ಲಿ ಕೈಬಿಟ್ಟುಹೋಯಿತು. ಏಪ್ರಿಲ್ 12ಕ್ಕೆ ಗಗಾರಿನ್ ಅಂತರಿಕ್ಷಕ್ಕೆ ಹಾರಿದ. ಇನ್ನೆರಡು ತಿಂಗಳಾದರೂ ನಡೆಯಬೇಕಿತ್ತು ಆ ಸ್ಟ್ರಿಪ್.